ಒಂದು ಜೊತೆ ಧೌತವಸ್ತ್ರ

ತಾಯಲೂರಿನ ಕಡೆ ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು, ವೆಂಕಟರಾಯಪ್ಪ. ಕೇಳದಿದ್ದವರಿಗೂ ಪದಗಳ ಅರ್ಥ ಹೇಳುವುದು ನನಗೆ ಅಂಟಿದ ರೋಗ. ಮಗಳು ಅನಿತಳ ಮದುವೆಗೆ ಪುರೋಹಿತರು ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ‘ಧೌತವಸ್ತ್ರ, ಒಂದು ಜೊತೆ’ ಎಂದಿತ್ತು. ರೋಗ ಉಲ್ಬಣಿಸಿತು.

ಮುಳಬಾಗಿಲಿನ ಜವಳಿ ಅಂಗಡಿಯವನು ಜರಿ ಅಂಚಿನ ಬಿಳಿ ಪಂಚೆ ಬಿಡಿಸಿದ. “ಧೌತ ಅಂದ್ರೆ ಬರೀ ಬಿಳುಪಲ್ಲಪ್ಪ, ತೊಳೆದದ್ದು. ನಾವನ್ನೋ ಧೋತ್ರ ಅದರಿಂದಲೇ ಬಂದಿದ್ದು” ಎಂದೆ. ಟೀ ಅಂಗಡಿಯಲ್ಲೂ ಹೇಳಿದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಟೊಮ್ಯಾಟೊ ವ್ಯಾಪಾರಿಗೆ ಹೇಳಿದಾಗ ಅವನು ಎದ್ದು ಹಿಂದಿನ ಸೀಟಿಗೆ ಹೋದ.

ಮನೆಯಲ್ಲಿ ಹೆಂಡತಿ ಗಂಗಾಲಕ್ಷ್ಮಿ ಕೈಚಾಚಿದಳು. “ಕೊಡ್ರಿ, ಒಂದ್ಸಲ ನೀರಿಗೆ ಹಾಕ್ತೀನಿ.”

“ಬೇಡ ಕಣೇ, ಗಂಜಿ ಹೋಗಿಬಿಡುತ್ತೆ” ಎಂದೆ. ಬೀಗರ ಮುಂದೆ ಗರಿಗರಿಯಾಗಿ ನಿಲ್ಲಬೇಕೆಂಬ ಆಸೆ ನನಗೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಧಾರೆಯ ಹೊತ್ತಿಗೆ ಮಂಟಪ ಹತ್ತಿದೆ. ಪುರೋಹಿತರು ಬಾಗಿ ನನ್ನ ಸೊಂಟದ ಹತ್ತಿರ ನೋಡಿದರು. ಅಂಗಡಿಯ ಚೀಟಿ ಅಲ್ಲೇ ಅಂಟಿಕೊಂಡಿತ್ತು.

“ಮೇಷ್ಟ್ರೇ, ನೀರು ಕಾಣದ ಬಟ್ಟೇಲಿ ಧಾರೆ ಎರೆಯೋ ಹಂಗಿಲ್ಲ. ಕೋರಾ ಬಟ್ಟೆ ಸಾವಿಗೆ. ಮುಹೂರ್ತಕ್ಕೆ ಇನ್ನು ಹನ್ನೆರಡು ನಿಮಿಷ. ನಿಮ್ಮಣ್ಣನೇ ಕೂತ್ಕೊಳ್ಳಲಿ.”

ಎರಡನೇ ಕ್ಲಾಸು ಓದಿದ ಅಣ್ಣ ಆಂಜಿನಪ್ಪ ಒಗೆದ ಪಂಚೆಯುಟ್ಟು ಪಕ್ಕದಲ್ಲೇ ನಿಂತಿದ್ದ. ಒಂದು ಬಕೆಟ್ ನೀರು ಬೇಡವೆಂದ ತಪ್ಪಿಗೆ, ಇಪ್ಪತ್ತಾರು ವರ್ಷ ಸಾಕಿದ ಮಗಳ ಕೈಯನ್ನು ಬೇರೊಬ್ಬರು ಹಿಡಿದು ಕೊಡುವುದೇ?

“ನಾನ್ ಕೂರಲ್ಲ. ನೀನೇ ಓಡ್ಲಾ, ನೀರಿಗದ್ದಿ ಉಟ್ಕೊಂಡ್ ಬಾ” ಎಂದ ಅಣ್ಣ.

ಓಡಿದೆ. ಛತ್ರದ ಬಚ್ಚಲಿನಲ್ಲಿ ಟವೆಲ್ ಸುತ್ತಿಕೊಂಡು ನಿಂತೆ. ಗಂಗಾಲಕ್ಷ್ಮಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಚೆಯನ್ನು ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ನನ್ನ ಮುಖಕ್ಕೆ ಎಸೆದಳು.

ತೊಟ್ಟಿಕ್ಕುತ್ತ ಬಂದು ಕೂತವನನ್ನು ನೋಡಿ ಬೀಗರ ಕಡೆಯ ಅಜ್ಜಿ ಕದಿರಮ್ಮ ಕೈಮುಗಿದರು. “ಒದ್ದೆ ಮಡೀಲೇ ಬಂದವ್ರೆ, ಎಷ್ಟು ಆಚಾರ ನೋಡು.” ನಾನು ಹೌದೆಂಬಂತೆ ಕಣ್ಣು ಮುಚ್ಚಿದೆ. ನಾಚಿಕೆ ಇದ್ದವರು ಮಾಡುವ ಕೆಲಸವಲ್ಲ.

ಗಂಗಾಲಕ್ಷ್ಮಿ ಧಾರೆಯ ನೀರು ಬಿಟ್ಟಳು. ಅನಿತಳ ಕೈ ನನ್ನ ಕೈಯಲ್ಲಿತ್ತು.

“ಅಪ್ಪ, ನಡುಗ್ತಿದ್ದೀಯ” ಎಂದು ಪಿಸುಗುಟ್ಟಿದಳು.

“ಪಂಚೆ ಒದ್ದೆ ಕಣೇ. ಚಳಿ.”

ಏಪ್ರಿಲ್ ತಿಂಗಳು. ಛತ್ರದಲ್ಲಿ ಎಲ್ಲರೂ ಲಗ್ನಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತ ಬೆವರುತ್ತಿದ್ದರು. ಅವಳು ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.