ಹುರುಳಿ ಹಾಸಿದ ರಸ್ತೆಯಲ್ಲಿ ಮೆರವಣಿಗೆ

ಗಾಡಿಗಳ ಮೆರವಣಿಗೆ ಮಾಡೋಣ ಎಂದು ಮೊದಲು ಹೇಳಿದವರು ಗುಂಡ್ಲುಪೇಟೆಯ ಗ್ಯಾರೇಜ್ ಸಾಹೇಬರು. ಬೇಡ ಎಂದು ಮೊದಲು ಹೇಳಿದವಳು ನಾನು. ಅವರು ಮಾತು ಮುಗಿಸುವುದಕ್ಕೂ ನಾನು ಬಿಟ್ಟಿರಲಿಲ್ಲ.

ನನ್ನ ಸ್ವಭಾವವೇ ಹಾಗೆ. ಯಾರಾದರೂ ಸಂತೋಷದ ಸುದ್ದಿ ತಂದರೆ ಅದರಲ್ಲಿ ಎಲ್ಲಿ ಏನು ಕೆಡಬಹುದು ಎಂದು ಹುಡುಕಲು ಶುರು ಮಾಡುತ್ತೇನೆ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನಮ್ಮ ಯಜಮಾನರು ಇದಕ್ಕೆ ನನ್ನನ್ನು ಎಷ್ಟು ರೇಗಿಸಿದರೂ ನಾನು ಬದಲಾಗಲಿಲ್ಲ. ಮಗಳು ಹುಟ್ಟಿ, ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲಂತೂ ಹೆದರುವುದು ನನ್ನ ಹಕ್ಕು ಎಂದೇ ತಿಳಿದುಕೊಂಡಿದ್ದೆ.

ಅದು ಎರಡು ಸಾವಿರದ ಇಸವಿ ಕಳೆದ ಹೊಸತು. ಮಗಳಿಗೆ ಆಗ ಎಂಟು ವರ್ಷ. ಊರಿನ ಒಂದು ಬಾಡಿಗೆ ಮನೆಯಲ್ಲಿ ಅಂಥ ಮಕ್ಕಳಿಗಾಗಿ ಪುಟ್ಟ ಶಾಲೆಯೊಂದಿತ್ತು. ನಾಲ್ಕು ಜನ ಕೊಟ್ಟ ದಾನದಿಂದ ನಡೆಯುತ್ತಿದ್ದ ಆ ಶಾಲೆಗೆ ಒಬ್ಬರೇ ಟೀಚರ್. ಸಾಹೇಬರ ಮೊಮ್ಮಗನೂ ಅಲ್ಲಿಗೇ ಬರುತ್ತಿದ್ದ. ಮಕ್ಕಳಿಗೆಲ್ಲ ಕಿವಿಯ ಮಷೀನು ಕೊಡಿಸಬೇಕು, ಅದಕ್ಕೆ ದುಡ್ಡು ಕೂಡಿಸಬೇಕು ಎಂದು ತಂದೆತಾಯಿಯರೆಲ್ಲ ಸೇರಿದ್ದಾಗ ಸಾಹೇಬರು ಈ ಮಾತು ತೆಗೆದರು.

"ಊರ್ ತುಂಬ ಗಾಡಿ ಅವೆ ಅಕ್ಕಾ. ಜೀಪು, ಅಂಬಾಸಿಡರ್ರು, ಕೇರಳಕ್ಕೆ ತರಕಾರಿ ಹೊಡಿಯೋ ಲಾರಿ. ಎಲ್ಲಾ ನನ್ ಗ್ಯಾರೇಜಿಗೆ ಬರೋವೇ. ಒಂದ್ ಭಾನುವಾರ ಎಲ್ಲಾನೂ ತೊಳ್ದು, ಹೂ ಕಟ್ಟಿ, ಮಕ್ಕಳ್ನ ಕೂರಿಸ್ಕಂಡು ಸಾಲಾಗಿ ಚಾಮರಾಜನಗರಕ್ಕೆ ಹೋಗನ. ದಾರಿ ಉದ್ದಕ್ಕೂ ಜನ ಡಬ್ಬಿಗೆ ಹಾಕ್ತಾರೆ."

"ಬ್ಯಾಡ ಸಾಹೇಬ್ರೆ," ಎಂದೆ. "ಈ ಮಕ್ಕಳಿಗೆ ಹಾರನ್ ಕೂಡ ಕೇಳ್ಸಲ್ಲ."

"ಹಾರನ್ ಕೇಳ್ಬೇಕಾದ್ದು ಡ್ರೈವರ್‌ಗೆ ಕಣಕ್ಕಾ, ಮಕ್ಕಳಿಗಲ್ಲ," ಎಂದು ನಕ್ಕರು. ಎಲ್ಲರೂ ನಕ್ಕರು. ಮೆರವಣಿಗೆ ಎಂದು ತೀರ್ಮಾನವಾಯಿತು. ಹೆದರುವವಳನ್ನೇ ಜವಾಬ್ದಾರಿಗೆ ಕಟ್ಟಿಹಾಕಿದರೆ ಬಾಯಿ ಮುಚ್ಚುತ್ತಾಳೆ ಎಂದುಕೊಂಡರೋ ಏನೋ, ಮನೆ ಮನೆಗೆ ಹೋಗಿ ಮಕ್ಕಳನ್ನು ಕಳಿಸಿ ಎಂದು ಕೇಳುವ ಕೆಲಸ ನನ್ನ ತಲೆಗೇ ಬಂತು.

ಆ ಕೆಲಸ ನನ್ನ ನಿದ್ದೆ ಕೆಡಿಸಿತು. ತೆರಕಣಾಂಬಿಯಲ್ಲಿ ಕೂಲಿಗೆ ಹೋಗುತ್ತಿದ್ದ ಒಬ್ಬ ತಾಯಿ ಕಸಬರಿಗೆ ಹಿಡಿದುಕೊಂಡೇ ನನ್ನ ಮಾತು ಕೇಳಿದಳು. ಅವಳಿಗಿದ್ದದ್ದು ಒಬ್ಬನೇ ಮಗ. "ಗಾಡಿ ಗೀಡಿ ನಂಗೊತ್ತಿಲ್ಲ ಕಣವ್ವ. ನಿನ್ ನಂಬ್ಕಂಡು ಕಳುಸ್ತಿನಿ," ಎಂದಳು. ನಾನಿದ್ದೀನಿ ಬಿಡಮ್ಮ ಎಂದು ಧೈರ್ಯವಾಗಿ ಹೇಳಿ ಹೊರಗೆ ಬಂದವಳಿಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಯೋಚನೆ ಹತ್ತಿತು. ನಾನಿದ್ದರೆ ಏನಾಗುತ್ತದೆ? ನಾನೇನು ಗಾಡಿ ಹಿಡಿದು ನಿಲ್ಲಿಸುತ್ತೇನೆಯೇ?

ಟೀಚರ್ ಹತ್ತಿರ ಹೋಗಿ, ಏನಾದರೂ ಆದರೆ ಮಕ್ಕಳನ್ನು ಕೂಗುವುದಂತೂ ಆಗದು, ಒಂದು ಕೈಸನ್ನೆಯನ್ನಾದರೂ ಎಲ್ಲರಿಗೂ ಕಲಿಸೋಣ ಎಂದೆ. ಅವರು ಒಳ್ಳೆಯವರು, ಮಕ್ಕಳ ಮೇಲೆ ಜೀವ ಇಟ್ಟಿದ್ದವರು. ಆದರೆ ಶಾಲೆಯಲ್ಲಿ ಕೈಸನ್ನೆಗೆ ಜಾಗವಿರಲಿಲ್ಲ. ಸನ್ನೆ ಕಲಿತ ಮಗು ಬಾಯಿ ಬಿಡುವುದೇ ಇಲ್ಲ ಎಂದು ಅವರಿಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ. ಮಕ್ಕಳು ಕೈ ಎತ್ತಿದರೆ ಮೆಲ್ಲಗೆ ಅದನ್ನು ಕೆಳಗೆ ಒತ್ತಿ, ತುಟಿಯನ್ನು ಅಗಲಿಸಿ, "ಬಾಯಲ್ಲಿ ಹೇಳು," ಎನ್ನುತ್ತಿದ್ದರು. "ಇಷ್ಟು ದಿನ ಕಷ್ಟಪಟ್ಟಿದ್ದೆಲ್ಲ ಹಾಳಾಗುತ್ತೆ, ದಯವಿಟ್ಟು ಬೇಡ," ಎಂದರು.

ಮನೆಯಲ್ಲಿ ನಮ್ಮದು ಬೇರೆಯೇ ಲೋಕ. ಅಡುಗೆಮನೆಯಲ್ಲಿ ನಾನೂ ಮಗಳೂ ಕೈಯಲ್ಲೇ ಹರಟುತ್ತಿದ್ದೆವು. ಅವಳೇ ಕಟ್ಟಿದ ಸನ್ನೆಗಳು. ಮೂಗು ಹಿಂಡಿದರೆ ಅವರಪ್ಪ, ಕೆನ್ನೆ ಉಬ್ಬಿಸಿದರೆ ನಮ್ಮತ್ತೆ. ನನಗೆ ಹೆಚ್ಚು ಬೇಕಾಗುತ್ತಿದ್ದದ್ದು ಹಾಲಿನ ಸನ್ನೆ. ಬಟ್ಟೆ ಒಗೆಯುತ್ತಾ ಹಿತ್ತಿಲಲ್ಲಿದ್ದಾಗ ವಾಸನೆ ಬಂದರೆ, ಕಿಟಕಿಯಿಂದ ಅವಳಿಗೆ ಕಾಣುವ ಹಾಗೆ ನಿಂತು ಎರಡೂ ಕೈಯ ಬೆರಳುಗಳನ್ನು ಮೇಲಕ್ಕೆ ಏಳಿಸಿ ಕುಣಿಸುತ್ತಿದ್ದೆ. ಹಾಲು ಉಕ್ಕುತ್ತಿದೆ ಎಂದು. ಆಮೇಲೆ ಬಲಗೈ ತಿರುಗಿಸುತ್ತಿದ್ದೆ. ಗ್ಯಾಸ್ ಆರಿಸು ಎಂದು. ಓಡಿಹೋಗಿ ಆರಿಸುತ್ತಿದ್ದಳು. ಟೀಚರ್‌ಗೆ ಇದೆಲ್ಲ ಗೊತ್ತಿರಲಿಲ್ಲ.

ನನಗಿದ್ದ ಇನ್ನೊಂದು ಹೆದರಿಕೆ ಹುರುಳಿಯದು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆ ರೈತರು ಕಿತ್ತ ಹುರುಳಿಯನ್ನು ಟಾರ್ ರಸ್ತೆಯ ಮೇಲೆ ಹಾಸುತ್ತಾರೆ. ಓಡಾಡುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಆದರೆ ಒಣಗಿದ ಬಳ್ಳಿ ಗಾಡಿಯಡಿ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಾಗಿ ಹೊತ್ತಿಕೊಂಡ ಕತೆಗಳನ್ನು ಯಜಮಾನರು ಡ್ಯೂಟಿ ಮುಗಿಸಿ ಬಂದಾಗ ಹೇಳುತ್ತಿದ್ದರು. ನಾನು ಸಾಹೇಬರ ಬೆನ್ನು ಬಿಡಲಿಲ್ಲ. ಪಾಪ, ಅವರು ಮುಂಚೆಯೇ ಆಟೋಗೆ ಮೈಕ್ ಕಟ್ಟಿಸಿ ದಾರಿಯ ಊರುಗಳಲ್ಲೆಲ್ಲ ಸಾರಿಸಿದರು. ಭಾನುವಾರ ಬೆಳಗ್ಗೆ ಬೇಕಾದಷ್ಟು ಗಾಡಿ ಸಾಲಾಗಿ ಬರುತ್ತವೆ, ಮಕ್ಕಳಿರುತ್ತಾರೆ, ಸಹಕರಿಸಬೇಕು ಎಂದು.

ಭಾನುವಾರ ಬಂತು. ಪ್ರತಿ ಚಕ್ರಕ್ಕೂ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ. ನಾನು ಮಗಳನ್ನು ನನ್ನ ಜೊತೆ ಸಾಹೇಬರ ಅಂಬಾಸಿಡರ್‌ನಲ್ಲಿ ಕೂರಿಸಿಕೊಳ್ಳಬೇಕೆಂದಿದ್ದೆ. ಅವಳು ಕೈ ಕೊಸರಿಕೊಂಡು ಮುಂದಿನ ಜೀಪಿಗೆ ಓಡಿದಳು. ಅಲ್ಲಿ ಸಾಹೇಬರ ಮೊಮ್ಮಗ, ತೆರಕಣಾಂಬಿಯ ಹುಡುಗ, ಇನ್ನೂ ಮೂರು ನಾಲ್ಕು ಮಕ್ಕಳಿದ್ದರು. ಟೀಚರ್ ಎಲ್ಲರಿಗಿಂತ ಚಿಕ್ಕ ಹುಡುಗಿಯನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕದಲ್ಲಿ ಕುಳಿತಿದ್ದರು. ಜೀಪಿನ ಹಿಂಭಾಗ ತೆರೆದಿತ್ತು. ಮಗಳು ತುದಿಯಲ್ಲೇ ಕುಳಿತು ನನ್ನ ಕಡೆ ನೋಡಿ ಹಲ್ಲು ಬಿಟ್ಟಳು. ಬೀಳ್ತೀಯ, ಒಳಗೆ ಸರಿ ಎಂದು ಕೈ ಮಾಡಿದೆ. ಸರಿದ ಹಾಗೆ ಮಾಡಿ ಅಲ್ಲೇ ಕುಳಿತಳು.

ಹೊರಟ ಕೂಡಲೇ ಹಾರನ್ ಶುರುವಾಯಿತು. ಮದುವೆ ದಿಬ್ಬಣಕ್ಕೂ ಅಷ್ಟು ಬಾರಿಸುವುದಿಲ್ಲ. ಲಾರಿಗಳ ಹಾರನ್, ಆಟೋಗಳದು, ಜೊತೆಗೆ ಮೈಕು. ಊರೂರಲ್ಲೂ ಜನ ಬಾಗಿಲಿಗೆ ಬಂದು ಡಬ್ಬಿಗೆ ಕಾಸು ಹಾಕಿದರು, ಮಕ್ಕಳ ಕೈಗೆ ಬಾಳೆಹಣ್ಣು ಕೊಟ್ಟರು. ಎಲ್ಲರೂ ಸಂತೋಷವಾಗಿದ್ದರು. ನಾನೊಬ್ಬಳು ಸೀಟಿನ ತುದಿಯಲ್ಲಿ ಕುಳಿತು ಜೀಪಿನ ಮಕ್ಕಳ ತಲೆ ಎಣಿಸುತ್ತಿದ್ದೆ. "ಅಕ್ಕಾ, ಒಸಿ ಒರಗಿ ಕೂತ್ಕಳಿ," ಎಂದರು ಸಾಹೇಬರು.

ತೆರಕಣಾಂಬಿ ದಾಟಿದ ಮೇಲೆ ಹುರುಳಿ ಕಂಡಿತು. ತೆಗೆದಿರಲಿಲ್ಲ. ತೆಗೆಯುವುದಿರಲಿ, ಅಷ್ಟು ಮಂದವಾಗಿ ಹಾಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಮ್ಮ ಮೈಕಿನ ಪ್ರಚಾರ ಕೇಳಿಯೇ ಹಾಸಿದ್ದರು. ಸಾಲು ಗಾಡಿ ಬರುತ್ತವೆ, ಒಂದೇ ಬೆಳಗ್ಗೆ ಒಕ್ಕಣೆ ಮುಗಿಯುತ್ತದೆ ಎಂದು ಅಕ್ಕಪಕ್ಕದ ಹೊಲದವರೂ ತಂದು ಸುರಿದಿದ್ದರು. ಅಂಚಿಗೆ ಕಲ್ಲಿಟ್ಟಿದ್ದರಿಂದ ಪಕ್ಕಕ್ಕೆ ಇಳಿಯಲೂ ದಾರಿಯಿರಲಿಲ್ಲ. ಹೆಂಗಸರು ಮರದ ನೆರಳಿನಲ್ಲಿ ಕುಳಿತು ನಮಗೆ ಕೈ ಬೀಸುತ್ತಿದ್ದರು.

"ನಿಧಾನಕ್ಕೆ ಹೋದ್ರೆ ಏನೂ ಆಗಲ್ಲ," ಎಂದರು ಸಾಹೇಬರು. ಆದರೆ ಅವರ ನಗು ಹೋಗಿತ್ತು.

ಹುರುಳಿ ಇನ್ನೇನು ಮುಗಿಯಿತು ಎನ್ನುವಾಗ ಜೀಪಿನಡಿ ಹೊಗೆ ಕಂಡೆ. ಮೊದಲು ಧೂಳು ಎಂದುಕೊಂಡೆ. ಆಮೇಲೆ ಕೆಂಪಗೆ ಒಂದು ನಾಲಿಗೆ ಹೊರಬಂದು ಒಳಗೆ ಹೋಯಿತು. ಸಾಹೇಬರೂ ಅದನ್ನು ಕಂಡರು. ಹಾರನ್ ಮೇಲೆ ಕೈಯಿಟ್ಟು ಒತ್ತಿದರು, ತೆಗೆಯಲೇ ಇಲ್ಲ. ಮುಂದಿನ ಜೀಪಿನ ಡ್ರೈವರ್ ಕೈ ಹೊರಗೆ ಹಾಕಿ ಖುಷಿಯಿಂದ ಬೀಸಿ, ತಾನೂ ಹಾರನ್ ಹೊಡೆದ. ಅದನ್ನು ಕೇಳಿ ಹಿಂದಿನ ಲಾರಿಗಳೂ ಹೊಡೆದವು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಲ್ಸೀ ನಿಲ್ಸೀ ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮಗಳು ನನ್ನನ್ನೇ ನೋಡುತ್ತಿದ್ದಳು.

ಜೀಪಿಗೆ ಬೆಂಕಿ ಬಿದ್ದಿದೆ ಎನ್ನುವುದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ. ಇದ್ದದ್ದು ಒಂದೇ. ಎರಡೂ ಕೈ ಕಿಟಕಿಯಾಚೆ ಚಾಚಿ ಬೆರಳುಗಳನ್ನು ಏಳಿಸಿದೆ, ಬಲಗೈ ತಿರುಗಿಸಿದೆ. ಹಾಲು, ಆರಿಸು. ಹಾಲು, ಆರಿಸು. ಅವಳ ಮುಖದ ನಗು ನಿಂತಿತು. ಹುಬ್ಬು ಗಂಟಿಕ್ಕಿ ಒಮ್ಮೆ ಸುತ್ತ ನೋಡಿದಳು. ಎದ್ದು, ಮಕ್ಕಳ ಕಾಲು ದಾಟಿಕೊಂಡು ಮುಂದಕ್ಕೆ ಹೋಗಿ ಟೀಚರ್ ಭುಜ ತಟ್ಟಿದಳು. ಬೆರಳುಗಳನ್ನು ಮೇಲಕ್ಕೆ ಏಳಿಸಿದಳು.

ಟೀಚರ್ ಹಿಂದಕ್ಕೆ ತಿರುಗಿದರು. ಆ ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು.

ಈ ಜನ್ಮದಲ್ಲಿ ನನಗೆ ಯಾರ ಮೇಲೂ ಅಷ್ಟು ಸಿಟ್ಟು ಬಂದಿಲ್ಲ. ಅಷ್ಟು ಹೆದರಿಕೆಯೂ ಆಗಿಲ್ಲ. ತೆರಕಣಾಂಬಿಯ ಆ ತಾಯಿಯ ಮುಖ ಕಣ್ಣೆದುರು ಬಂತು. ಬಾಗಿಲು ತೆಗೆದು ಹಾರಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ಮಗಳು ಕೈ ಬಿಡಿಸಿಕೊಂಡು, ಇಬ್ಬರ ನಡುವೆ ಬಗ್ಗಿ, ಜೀಪಿನ ಕೀಯನ್ನು ತಿರುಗಿಸಿ ಕಿತ್ತೇಬಿಟ್ಟಳು. ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದ. ನಮ್ಮ ಕಾರು ಜೀಪಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಸಾಹೇಬರು ಆ ವಯಸ್ಸಿನಲ್ಲೂ ಓಡಿಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ರಸ್ತೆಯಾಚೆ ಇಳಿಸಿದರು. ಮರದಡಿಯ ಹೆಂಗಸರು ಕೊಡದಲ್ಲಿದ್ದ ನೀರು ತಂದು ಸುರಿದರು, ಮಣ್ಣು ಎರಚಿದರು. ಸುತ್ತಿಕೊಂಡ ಬಳ್ಳಿ ಉರಿದು, ಜೀಪಿನ ಅಡಿಭಾಗ ಕಪ್ಪಾಗಿತ್ತು, ಅಷ್ಟೇ. ಒಂದು ಮಗುವಿಗೂ ಏನೂ ಆಗಿರಲಿಲ್ಲ. ಹುರುಳಿಯ ರೈತ ತಲೆ ಮೇಲೆ ಕೈ ಹೊತ್ತು, "ಗಾಡಿ ಬತ್ತವೆ ಅಂದ್ರಿ ಅಂತ್ಲೇ ಹಾಕ್ಬುಟ್ಟೊ ಕಣಣ್ಣ. ಮಕ್ಕಳ್ಗೆ ಹಿಂಗಾಯ್ತದೆ ಅಂತ ಕಂಡಿದ್ವಾ," ಎಂದು ಸಾಹೇಬರಿಗೆ ಹೇಳುತ್ತಲೇ ಇದ್ದ. ನಾವು ಹೊರಡುವಾಗ ಒಂದು ಮೂಟೆ ಹುರುಳಿಯನ್ನು ಲಾರಿಗೆ ಹಾಕಿಸಿದ.

ನಾನು ಮಗಳನ್ನು ತಬ್ಬಿಕೊಂಡು ಮಣ್ಣಿನಲ್ಲೇ ಕುಳಿತುಬಿಟ್ಟಿದ್ದೆ. ಅವಳು ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನನ್ನ ಗಲ್ಲ ತಿರುಗಿಸಿ, ಬಹಳ ಗಂಭೀರವಾಗಿ ಕೈಯಲ್ಲಿ ಕೇಳಿದಳು. ಹಾಲು ಎಲ್ಲಿ? ನಾನು ನಗುತ್ತಲೇ ಅತ್ತುಬಿಟ್ಟೆ.

ಮೆರವಣಿಗೆ ನಿಲ್ಲಲಿಲ್ಲ. ಮಕ್ಕಳನ್ನು ಬೇರೆ ಬೇರೆ ಕಾರುಗಳಲ್ಲಿ ಹಂಚಿಕೊಂಡು, ಒಂದೂ ಹಾರನ್ ಹೊಡೆಯದೆ ಚಾಮರಾಜನಗರ ಸೇರಿದೆವು. ಮಷೀನುಗಳು ಆ ವರ್ಷವೇ ಬಂದವು. ಕೆಲವು ಮಕ್ಕಳಿಗೆ ಅನುಕೂಲವಾಯಿತು, ನನ್ನ ಮಗಳಿಗೆ ಅಷ್ಟಾಗಿ ಆಗಲಿಲ್ಲ.

ಆ ಭಾನುವಾರ ಚಾಮರಾಜನಗರದಿಂದ ವಾಪಸ್ ಬರುವಾಗ ಟೀಚರ್ ಅಂಬಾಸಿಡರ್‌ನ ಹಿಂದಿನ ಸೀಟಿಗೆ ಬಂದು ಕುಳಿತರು. ನಡುವೆ ಮಗಳು, ಈಚೆ ಬದಿಗೆ ನಾನು. ತೆರಕಣಾಂಬಿಯಲ್ಲಿ ಹುಡುಗನನ್ನು ಅವನ ತಾಯಿಯ ಕೈಗೆ ಒಪ್ಪಿಸಿದೆ. ಟೀಚರ್ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಕಾರು ಮತ್ತೆ ಹೊರಟ ಮೇಲೆ ಅವರು ತಗ್ಗಿದ ದನಿಯಲ್ಲಿ, "ಅದು ಏನ್ ಸನ್ನೆ? ನಂಗೂ ತೋರಿಸ್ತೀರಾ?" ಎಂದರು.

ನಾನು ತೋರಿಸುವ ಮೊದಲೇ ಅವರು ತಮ್ಮ ಬೆರಳುಗಳನ್ನು ಒಂದಿಷ್ಟು ಅಲ್ಲಾಡಿಸಿ ನೋಡಿದರು. ಸರಿ ಬರಲಿಲ್ಲ. ಕೈ ಮಡಿಲಲ್ಲೇ ಉಳಿದಿತ್ತು. ಮಗಳು ಅದನ್ನು ನೋಡಿ, ಹಾಗಲ್ಲ ಎಂದು ತಲೆಯಾಡಿಸಿ, ಟೀಚರ್ ಅವರ ಎರಡೂ ಕೈಗಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿದಳು.