ಉಪ್ಪು, ಇದ್ದಿಲು, ತಾಮ್ರದ ತಗಡು

ನಮ್ಮ ಹಿತ್ತಲ ಮೂಲೆಯಲ್ಲಿ ಉಪ್ಪು ಸಿಕ್ಕ ದಿನ ನಾನು ಕಟ್ಟೆಯ ಮೇಲೆ ಕೂತು ಸಜ್ಜೆ ಕೇರುತ್ತಿದ್ದೆ. ಬಚ್ಚಲ ನೀರು ಇಂಗಲಿ ಎಂದು ಅಲ್ಲೊಂದು ಗುಂಡಿ ತೋಡಿಸುತ್ತಿದ್ದೆವು. ಆಳು ನೆಲಕ್ಕೆ ಹಾಸಿದ್ದ ಫರಸಿ ಕಲ್ಲು ಎತ್ತಿಟ್ಟು ಎದೆಮಟ್ಟ ಅಗೆದಿದ್ದ. ಒಮ್ಮೆಲೇ ಗುದ್ದಲಿ ಬಿಟ್ಟು ಮೇಲೆ ಹತ್ತಿ ಬಂದ.

"ಆಯಿ, ನಾ ಇದಕ್ಕ ಕೈ ಹಚ್ಚಂಗಿಲ್ಲ. ನೀವ ಬಂದು ನೋಡ್ರಿ."

ಹೋಗಿ ಬಗ್ಗಿ ನೋಡಿದೆ. ಕಪ್ಪು ಇದ್ದಿಲಿನ ಒಂದು ಪದರು, ಅದರ ಕೆಳಗೆ ಬಿಳಿ ಉಪ್ಪಿನ ಪದರು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಯಾರೋ ಪುರುಸೊತ್ತಿನಿಂದ ಹಾಸಿ ಹಾಸಿ ಇಟ್ಟ ಹಾಗಿತ್ತು. ಇನ್ನಷ್ಟು ಕೆದರಿದಾಗ ಹಿಟ್ಟು ನಾದುವ ಪರಾತದಷ್ಟು ಅಗಲದ ತಾಮ್ರದ ತಗಡು ಕಂಡಿತು. ತಗಡಿಗೆ ಬಿಗಿದ ಪಟ್ಟಿಯೊಂದು ಮಣ್ಣಿನೊಳಗೇ ಹಾದು ನಮ್ಮ ಗೋಡೆಯ ಬುಡಕ್ಕೆ ಹೋಗಿತ್ತು.

ನಮ್ಮ ಕಡೆ ಇದನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಮನೆ ಮುರಿಯಬೇಕು, ದನ ಸಾಯಬೇಕು, ಬಸುರು ನಿಲ್ಲಬಾರದು ಎಂದು ಕರಣಿ, ಅಂದರೆ ಮಾಟ, ಮಾಡಿಸುವವರು ಇದನ್ನೇ ಹೂಳುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಉಪ್ಪು, ಇದ್ದಿಲು, ತಾಮ್ರದ ತಗಡು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ದೇವರಿಗೆ ಕೈ ಮುಗಿಯುತ್ತೇನೆ, ದೆವ್ವಕ್ಕೆ ಹೆದರುವವಳಲ್ಲ. ಆದರೂ ಆ ತಗಡು ಕಂಡಾಗ ನಾನೂ ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಪಕ್ಕದ ಮನೆಯಲ್ಲೇ ಇದ್ದಾಳೆ. ನಡುವೆ ಒಂದೇ ಗೋಡೆ. ಆಕೆ ಬಂದು ನೋಡಿದವಳೇ ಎದೆ ಬಡಿದುಕೊಂಡಳು.

"ಯಕ್ಕಾ, ಪಟ್ಟಿ ನೋಡs! ಮನಿ ಒಳಗ ಹೊಕ್ಕೈತಿ! ಗ್ವಾಡ್ಯಾಗ ಹೊಕ್ಕೈತಿ!"

ಈ ಗದ್ದಲ ಕೇಳಿ ನನ್ನ ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅತ್ತಿ, ಅದು ಅರ್ಥಿಂಗ್ ರೀ. ಕೀಳಬ್ಯಾಡ್ರಿ. ನಮ್ಮಣ್ಣ ಹಾಕ್ಯಾನ."

ಅಷ್ಟೇ ಸಾಕಾಯಿತು. ನೆಗೆಣ್ಣಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕೇಳಿದ್ರೇನ್ರಿ ಎಲ್ಲಾರೂ? ತಾನs ಒಪ್ಕೊಂಡ್ಳು. ಅಣ್ಣ ಹಾಕ್ಯಾನಂತ!"

ಸೊಸೆಯ ತವರು ದರಿಬಡಚಿ. ಆಕೆಯ ಅಣ್ಣ ಲೈಸನ್ಸ್ ಇರುವ ವೈರಮನ್. ಪುಣೆಯ ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಾನೆ. ನಾವು ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದಾಗ ವೈರಿಂಗ್ ಅವನೇ ಮಾಡಿಕೊಟ್ಟ. ಆ ದಿನಗಳಲ್ಲಿ ನನ್ನ ಮಗ ಟೆಂಪೋ ಮೇಲೆ ದ್ರಾಕ್ಷಿ ಹೊರುತ್ತಿದ್ದ, ನಾನು ಕುರಿಗಳ ಹಿಂದೆ ಇದ್ದೆ. ಗುಂಡಿ ತುಂಬಿಸುವಾಗ ಇದ್ದವಳು ಸೊಸೆ ಒಬ್ಬಳೇ. ಇದ್ದಿಲಿನ ಬುಟ್ಟಿ ಎತ್ತಿಕೊಟ್ಟದ್ದೂ ಆಕೆಯೇ. ಗುಂಡಿಯ ಬಾಯಿಗೆ ಇಟ್ಟಿಗೆ ಕಟ್ಟಿ, ಮುಚ್ಚಳ ಇಟ್ಟು, ಅರ್ಥಿಂಗ್ ಎಂದು ಬೋರ್ಡು ಹಾಕಬೇಕು, ಇದು ರೂಲು ಎಂದು ಅವನು ಹೇಳಿದ್ದನಂತೆ. ಹಿತ್ತಲಲ್ಲಿ ಸಮಾಧಿ ಕಟ್ಟಿದ ಹಾಗೆ ಕಾಣುತ್ತದೆ ಎಂದು ನನ್ನ ಮಗ ಫರಸಿ ಹಾಸಿ ಮುಚ್ಚಿ ಮರೆತುಬಿಟ್ಟ. ಬೋರ್ಡು ಇದ್ದಿದ್ದರೆ ಈ ಕಥೆಯೇ ಇಲ್ಲ.

ನೆಗೆಣ್ಣಿ ಕೊಡಲಿ ತಂದು ಆಳಿನ ಕೈಗೆ ಕೊಟ್ಟಳು. ಅವನು ಕಣ್ಣು ಮುಚ್ಚಿಕೊಂಡು ಆ ಪಟ್ಟಿಯನ್ನು ಕಡಿದು ಕಿತ್ತ. ಉಪ್ಪು, ಇದ್ದಿಲು, ತಗಡು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಊರ ಹೊರಗೆ ಮೂರು ದಾರಿ ಕೂಡುವಲ್ಲಿ ಒಗೆದು, ತಿರುಗಿ ನೋಡದೆ ಬಂದ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಕೈ ಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

ಮಗ ಬಂದವನು ಸೊಸೆಯ ಅಣ್ಣನಿಗೆ ಫೋನು ಹಚ್ಚಿದ. ಆ ಕಡೆಯ ಬೈಗುಳ ನನಗೂ ಕೇಳಿಸಿತು. "ಅದನ್ನ ಕಿತ್ತೀರೇನು? ನಾ ಬರೂತನಕ ಮೇನ್ ಸ್ವಿಚ್ ತಗದ ಇಡ್ರಿ ಮಾಮಾ!"

ಮಗ ಫೋನು ಇಟ್ಟು ನನ್ನ ಮುಖ ನೋಡಿದ. "ಅರ್ಥಿಂಗ್ ಅಂದ್ರ ನೆಲಕ್ಕ ಒಂದು ಕಬ್ಬಿಣದ ಸಳಿ ಬಡೀತಾರಂತ ತಿಳದಿದ್ದೆ ಯವ್ವಾ. ಉಪ್ಪು ಯಾಕ ಬೇಕು ಕರೆಂಟಿಗೆ?"

"ಅಂವಾ ಮತ್ತೇನಂತಾನ? ಹಾಕಿದಾಂವ ಹೌದಂತ ಹೇಳ್ತಾನೇನು?" ಎಂದಳು ನೆಗೆಣ್ಣಿ.

ಸ್ವಿಚ್ಚು ಯಾರೂ ತೆಗೆಯಲಿಲ್ಲ. ಫ್ರಿಜ್‌ನಲ್ಲಿ ಹಾಲಿತ್ತು.

ಆಮೇಲೆ ಶುರುವಾಯಿತು. ಮೊದಲು ನನ್ನ ಮೊಮ್ಮಗಳು ಅಳುತ್ತ ಬಂದಳು. "ಆಯಿ, ಫ್ರಿಜ್ಜ ಚೂಟತೈತಿ." ಆಮೇಲೆ ಹಿತ್ತಲ ನಳ. ತಿರುಗಿಸಲು ಕೈ ಇಟ್ಟರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಮೀಟರಿನ ಪಕ್ಕದ ಡಬ್ಬಿಯಲ್ಲಿ ಒಂದು ಬಟನ್ನು ಇತ್ತು. ಯಾರಾದರೂ ನಳ ಮುಟ್ಟಿದರೆ ಸಾಕು, ಟಕ್ಕನೆ ಕೆಳಗೆ ಬಿದ್ದು ಮನೆಯ ಕರೆಂಟೆಲ್ಲ ಹೋಗುತ್ತಿತ್ತು. ಮಗನಿಗೆ ತಲೆ ಕೆಟ್ಟಿತು. ಊರಲ್ಲಿ ಮೋಟರು ರಿಪೇರಿ ಮಾಡುವವನನ್ನು ಕರೆದು ಆ ಡಬ್ಬಿಯನ್ನು ಬಿಟ್ಟು ಡೈರೆಕ್ಟ್ ಮಾಡಿಸಿದ. ಬಟನ್ನು ಬೀಳುವುದು ನಿಂತಿತು. ನಳ ಮಾತ್ರ ಜೋರಾಗಿ ಹೊಡೆಯತೊಡಗಿತು.

ನೆಗೆಣ್ಣಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ. "ಮಲಗಿದ್ದನ್ನ ಎಬ್ಬಿಸೇವಿ ಯಕ್ಕಾ. ಈಗ ಅದು ಮನಿ ತುಂಬ ಅಡ್ಡಾಡಾಕತ್ತೈತಿ."

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಮರೆತು ನಳಕ್ಕೆ ಕೈ ಹಾಕಿದೆ. ಏನೂ ಆಗಲಿಲ್ಲ. ಕೊಡ ತುಂಬಿಕೊಂಡೆ, ಕಾಲು ತೊಳೆದುಕೊಂಡೆ, ನಳದ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಒಳಗೆ ಫ್ಯಾನು ತಿರುಗಿದ ಸಪ್ಪಳ ಬಂತು, ಕೈಗೆ ಏಟು ಬಿತ್ತು. ನೆಗೆಣ್ಣಿಯನ್ನು ಕರೆದು ಹೇಳಿದೆ:

"ಏನs, ಕರಣಿಗೂ ಲೋಡ್‌ಶೆಡ್ಡಿಂಗ್ ಐತೇನು?"

"ಅದು ಕರೆಂಟಿನ್ಯಾಗ ಸೇರ್ಕೊಂಡೈತಿ ಯಕ್ಕಾ. ಕರೆಂಟ್ ಹ್ವಾದ್ರ ಅದೂ ಹೋಗ್ತೈತಿ."

ಇಂಥ ತಲೆಗೆ ಏನು ಹೇಳುವುದು? ಕೊಡ ಎತ್ತಿಕೊಂಡು ಒಳಗೆ ಹೋದೆ. ಸೊಸೆಯ ಅಣ್ಣನಿಗೆ ಇನ್ನೂ ರಜೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ನೆಗೆಣ್ಣಿ, ದೇವರು ಮೈಮೇಲೆ ಬಂದು ಹೇಳಿಕೆ ಹೇಳುವ ಒಬ್ಬನನ್ನು ಕರೆಸಿದಳು. ನನ್ನನ್ನು ಕೇಳಲಿಲ್ಲ. ಮಗನನ್ನು ಕೇಳಿದಳಂತೆ. ಅವನು ಬೇಡ ಅನ್ನಲಿಲ್ಲ.

ಬೆಳಗಿನ ಹೊತ್ತು. ಹಿತ್ತಲಲ್ಲಿ ಎರಡೂ ಮನೆಯವರು, ಓಣಿಯ ನಾಲ್ಕು ಹೆಂಗಸರು. ಅವನು ಭಂಡಾರದ ಅರಿಶಿನ ಪುಡಿ ತೂರಿದ, ಗುಂಡಿ ಸುತ್ತಿದ, ನಳದ ಹತ್ತಿರ ಹೋಗಿ ಮುಟ್ಟದೆ ಮೂಸಿ ನೋಡಿದ. ಕೊನೆಗೆ ಹೇಳಿದ:

"ತಪ್ಪು ಈ ಹೆಣಮಗಳ ತವರಿಂದು. ಈಕಿ ಕೈ ಐತೋ ಇಲ್ಲೋ, ತಾಯಿನs ಹೇಳ್ತಾಳ. ತಲಿ ಮ್ಯಾಲ ನೀರು ಹಾಕ್ಕೊಂಡು, ಬರಿಗಾಲಿಲೆ ಬಂದು ನಳ ಹಿಡೀಬೇಕು. ಎರಡೂ ಕೈಲೆ. ಊದಿನಕಡ್ಡಿ ಉರದು ಮುಗಿಯೂತನಕ ಬಿಡಬಾರದು. ಖರೇ ಇದ್ರ ಏನೂ ಆಗಂಗಿಲ್ಲ."

ಯಾರಾದರೂ ಬೇಡ ಅನ್ನುತ್ತಾರೆಂದು ನಾನು ಸುತ್ತ ನೋಡಿದೆ. ನನ್ನ ಮಗ ತನ್ನ ಕಾಲ ಬೆರಳು ನೋಡುತ್ತ ನಿಂತಿದ್ದ. ಹಿಂದಿನ ದಿನವಷ್ಟೇ ಅದೇ ನಳ ಅವನನ್ನು ಹೊಡೆದು ಗೋಡೆಗೆ ತಳ್ಳಿತ್ತು. ಆಗ ಚಪ್ಪಲಿ ಇತ್ತು ಕಾಲಲ್ಲಿ, ಒಣ ಮೈ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಯ ತಲೆಗೆ ನೆಗೆಣ್ಣಿ ನೀರು ಸುರಿಯುವುದನ್ನು ನೋಡುತ್ತ ನಿಂತ. ನಾನು ಹೆತ್ತ ಮಗ ಇವನೇನಾ ಅನ್ನಿಸಿತು.

ಬಾಯಿ ಮಾಡಿದರೆ ನಾಳೆ ನಾನಿಲ್ಲದಾಗ ಹಿಡಿಸುತ್ತಾರೆ ಎಂಬುದೂ ಹೊಳೆಯಿತು. ಮಾತಾಡದೆ ಒಳಗೆ ಹೋದೆ. ಮೀಟರಿನ ಕೆಳಗಿನ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದೆ. ಫ್ರಿಜ್ಜು ಗುರ್ ಎಂದು ನಿಂತಿತು. ಹೊರಗೆ ಭಂಡಾರದವನ ಗಂಟಲು ಜೋರಾಗಿತ್ತು, ಯಾರಿಗೂ ಕೇಳಿಸಲಿಲ್ಲ.

ನಾನು ತಿರುಗಿ ಬರುವಷ್ಟರಲ್ಲಿ ಆಕೆ ನಳದ ಮುಂದೆ ನಿಂತಿದ್ದಳು. ಸೀರೆಯಿಂದ ನೀರು ಇಳಿದು ಕಾಲ ಕೆಳಗೆ ಕೆಸರಾಗಿತ್ತು. ಯಾರ ಮುಖವನ್ನೂ ನೋಡದೆ ಎರಡೂ ಕೈ ಚಾಚಿ ಹಿಡಿದಳು.

ಊದಿನಕಡ್ಡಿ ಉರಿಯಿತು. ಆಕೆ ಅಲುಗಲಿಲ್ಲ. ಕಡ್ಡಿ ಮುಗಿದಾಗ ಅವನು ಕೈ ಎತ್ತಿದ. "ತಾಯಿ ಹೇಳಿದ್ಲು! ಈಕಿ ಸುದ್ದ ಅದಾಳ! ಕರಣಿ ಕಡೀತು!" ನೆಗೆಣ್ಣಿ ಅಳುತ್ತ ಅವನ ಕಾಲಿಗೆ ಬಿದ್ದಳು.

"ಕೈ ತಗಿ ಯವ್ವಾ, ಈಚೀಗೆ ಬಾ" ಎಂದು ಸೊಸೆಯನ್ನು ನಾನೇ ಎಳೆದು ಕಟ್ಟೆಯ ಮೇಲೆ ಕೂರಿಸಿದೆ. ಒಳಗೆ ಹೋಗಿ ಸ್ವಿಚ್ಚು ಹಾಕಿ ಬಂದು ಭಂಡಾರದವನಿಗೆ ಹೇಳಿದೆ:

"ಈಗ ನೀ ಹಿಡಿ ಮಾರಾಜಾ."

"ನಾನ್ಯಾಕ ಹಿಡೀಲಿ ಆಯಿ? ಪರೀಕ್ಷಾ ಮುಗೀತು."

"ಕರಣಿ ಕಡದೀಯಲ್ಲ, ಹಿಡಿ. ನೀರು ನಾ ಹಾಕ್ತೀನಿ ತಲಿಗೆ."

ಅವನು ನಕ್ಕ. ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದ. ನೆಗೆಣ್ಣಿಗೆ ಸಿಟ್ಟು ಬಂತು, ನನ್ನ ಮೇಲೆ. "ದೇವರ ಮನಶ್ಯಾಗ ಹಂಗಂತಾರೇನು? ಕರಣಿ ಹೋಗೈತಿ, ನಾ ಹಿಡೀತೀನಿ ನೋಡು" ಎನ್ನುತ್ತ ಬೆರಳು ಇಟ್ಟಳು. ಇಟ್ಟವಳು ಯವ್ವಾ ಎಂದು ಕಿರುಚಿ ಕುಂಡಿ ಊರಿ ಕೆಸರಿನಲ್ಲಿ ಕೂತಳು. ಬೆರಳ ತುದಿ ಮಾತ್ರ ತಗುಲಿತ್ತು, ಬದುಕಿದಳು.

ಏನು ಮಾಡಿದೆ ಎಂದು ಆಗ ಹೇಳಿದೆ. ಸ್ವಿಚ್ಚು ತೆಗೆದಿದ್ದೆ, ಈಗ ಹಾಕಿದ್ದೇನೆ, ಅಷ್ಟೇ. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಂಡಾರದವನು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟ. ನನ್ನ ಮಗ ಒಳಗೆ ಹೋಗಿ ತಾನೇ ಸ್ವಿಚ್ಚು ತೆಗೆದು, ಗೋಡೆಗೆ ತಲೆ ಹಚ್ಚಿ ನಿಂತ. ಅವನನ್ನು ನಾನು ಸಮಾಧಾನ ಮಾಡಲಿಲ್ಲ.

ಮರುದಿನ ಸೊಸೆಯ ಅಣ್ಣ ಬಂದ. ನೀರು ಕಾಯಿಸುವ ಗೀಸರ್ ಬಿಚ್ಚಿ ನೋಡಿದ. ನಮ್ಮ ಬೋರಿನ ಸವಳು ನೀರಿಗೆ ಅದರೊಳಗಿನ ಕಾಯಿಲ್ ಈಚೆಗಷ್ಟೇ ತಿಂದುಹೋಗಿ ಕರೆಂಟು ನೀರಿಗೂ ಪೈಪಿಗೂ ಇಳಿದಿತ್ತು. ಮನೆಯಲ್ಲಿ ಕಬ್ಬಿಣದ್ದು ಏನೇ ಇದ್ದರೂ ಅದರ ಹಸಿರು ವೈರು ನೆಲಕ್ಕೆ ಹೋಗಿ ಸೇರಬೇಕು, ಉಪ್ಪು ಇದ್ದಿಲು ಹಾಕುವುದು ನೆಲ ತೇವ ಹಿಡಿದಿರಲಿ ಎಂದು, ಹಾಗಿದ್ದರೆ ಸೋರಿದ ಕರೆಂಟು ಮಣ್ಣಿಗೆ ಇಳಿಯುತ್ತದೆ, ಬಟನ್ನಿನ ಡಬ್ಬಿ ಕೂಡಲೇ ಕಡಿಯುತ್ತದೆ ಎಂದ. ನಾವು ನೆಲದ ದಾರಿ ಕಿತ್ತೆವು. ಎಲ್ಲ ಹಸಿರು ವೈರುಗಳೂ ಒಳಗೆ ಒಂದಕ್ಕೊಂದು ಕೂಡಿದ್ದರಿಂದ ಗೀಸರಿನದು ಫ್ರಿಜ್ಜಿಗೂ ಹೋಯಿತು. ಆಮೇಲೂ ಆ ಡಬ್ಬಿ ಬಿದ್ದು ಬಿದ್ದು ನಮ್ಮನ್ನು ಉಳಿಸುತ್ತಿತ್ತು. ಅದನ್ನೂ ಡೈರೆಕ್ಟ್ ಮಾಡಿಸಿದೆವು.

"ಇದಿಲ್ಲದ ಮನಿಗೆ ಮೀಟರ್ ಕೊಡಬಾರದಂತ ರೂಲು ಐತ್ರಿ ಅತ್ತಿ. ಟೆಸ್ಟ್ ರಿಪೋರ್ಟ್ ಮ್ಯಾಲ ಸಹಿ ನಂದು. ಇಲ್ಲಿ ಹೆಣ ಬಿದ್ದಿದ್ರ ನನ್ನ ಹಿಡೀತಿದ್ರು" ಎಂದ. ತಂಗಿಯ ಮುಖ ನೋಡಿ ಗುದ್ದಲಿ ಎತ್ತಿಕೊಂಡು ಹಿತ್ತಲಿಗೆ ನಡೆದ.

ರೂಲು ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಮ್ಮ ಜೀವ ಉಳಿಯಲಿ ಎಂದೇ ಬರೆದಿದ್ದಾರೆ. ಆದರೆ ಉಪ್ಪು, ಇದ್ದಿಲು, ತಗಡು ಒಂದೇ ಗುಂಡಿಯಲ್ಲಿ ಕಂಡರೆ ನಮ್ಮ ಮಂದಿಗೆ ಏನು ನೆನಪಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಮನೆಯ ಹೆಂಗಸರನ್ನು ಕರೆದು ತೋರಿಸಿ ಹೂಳಬೇಕು ಎಂದು ಅದರಲ್ಲಿ ಒಂದು ಸಾಲು ಬರೆದರೆ ಏನು ಗಂಟು ಹೋಗುತ್ತದೆ?

ಅಂದು ಸಂಜೆ, ಹೊಸ ಗುಂಡಿಗೆ ಅವನು ಉಪ್ಪು ಹಾಸುತ್ತಿದ್ದಾಗ ಸೊಸೆ ಬುಟ್ಟಿಯಲ್ಲಿ ಇದ್ದಿಲು ತಂದುಕೊಡುತ್ತಿದ್ದಳು. ನನಗೆ ಒಂದು ಮಾತು ಕೇಳಬೇಕೆನಿಸಿತು.

"ನಾ ಒಳಗ ಹೋಗಿದ್ದು ನೋಡಿ ಧೈರ್ಯ ಬಂತೇನ ಯವ್ವಾ ನಿನಗ, ನಳ ಹಿಡ್ಯಾಕ?"

"ನೀವು ಒಳಗ ಹೋಗಿದ್ದು ನಾ ನೋಡಿಲ್ರಿ ಅತ್ತಿ."

"ಹಂಗಾದ್ರ ಸ್ವಿಚ್ ತಗದಿದ್ದು?"

"ಗೊತ್ತಿರ್ಲಿಲ್ರಿ. ಕರೆಂಟ್ ಐತಿ ಅಂತನs ತಿಳದ ಹಿಡದೆ."

"ಮತ್ಯಾಕ ಹಿಡದಿ, ಹುಚ್ಚಿ?"

ಆಕೆ ಬುಟ್ಟಿ ಕೆಳಗಿಟ್ಟಳು. "ಹಿಡೀದಿದ್ರ ನನ್ನ ಕೈ ಐತಿ ಅಂತ ಆಗ್ತಿತ್ತಲ್ರಿ. ಆಮ್ಯಾಲ ನನ್ನ ಮಗಳು ಯಾರ ಮಗಳು ಅನ್ನಿಸ್ಕೋತಿದ್ಲು ಈ ಊರಾಗ?"

ಬುಟ್ಟಿ ಎತ್ತಿ ಅವಳ ಅಣ್ಣನಿಗೆ ನಾನೇ ಕೊಟ್ಟೆ. ಆಕೆ ಆ ರಾತ್ರಿಯೇ ಮಗಳನ್ನು ಕರೆದುಕೊಂಡು ಅಣ್ಣನ ಜೊತೆ ತವರಿಗೆ ಹೋದಳು. ತಡೆಯಲು ಹೋದ ಮಗನಿಗೆ ನಾನೇ ಸುಮ್ಮನಿರು ಎಂದೆ. ಯಾವಾಗ ಬರುತ್ತೀ ಎಂದು ಆಕೆಯನ್ನು ಕೇಳಲಿಲ್ಲ. ಕೇಳುವ ಮುಖ ನಮ್ಮ ಮನೆಯಲ್ಲಿ ಯಾರಿಗಿತ್ತು?