ಬೀಜಕ್ಕೆ ಬಿಟ್ಟ ಬೂದುಗುಂಬಳ

ನನ್ನ ಅತ್ತೆ ಸಂತೆಯಲ್ಲಿ ಕೂತರೆ ಬೇರೆಯೇ ಹೆಂಗಸು. ಮನೆಯಲ್ಲಿ ಮಾವನ ಎದುರು ನಾಲ್ಕು ಮಾತು ಆಡದವರು, ಪಾಂಡವಪುರದ ಸಂತೆಯಲ್ಲಿ ಗೋಣಿಚೀಲ ಹಾಸಿದ ಕೂಡಲೇ ಬಾಯಿ ತೆರೆಯುತ್ತಿದ್ದರು. ಬದನೆಕಾಯಿ ಒತ್ತಿ ನೋಡುವ ಗಿರಾಕಿಗೆ, "ಇಲ್ಲಿ ಇಸುಕಬ್ಯಾಡ ಕಣಪ್ಪ, ತಗೊಂಡೋಗಿ ನಿಮ್ಮನೇಲಿ ಎಷ್ಟ್ ಬೇಕಾದ್ರೂ ಇಸುಕ್ಕೋ" ಎನ್ನುವರು. ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದ ನನಗೆ ತರಕಾರಿ ಕೊಳ್ಳುವುದಷ್ಟೇ ಗೊತ್ತಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಸೊಸೆಯಾಗಿ ಬಂದ ಮೇಲೆ ಅವರ ಪಕ್ಕ ಕೂತು ಮಾರುವುದನ್ನು ಕಲಿತೆ. ಗಿರಾಕಿಗಳ ಮೇಲೆ ಸಿಡುಕುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಅದನ್ನು ತವರಿನಿಂದಲೇ ತಂದಿದ್ದೆ.

ನಮ್ಮ ಜಮೀನೆಲ್ಲ ಮಾವನ ಕಬ್ಬು. ನಾಲೆ ನೀರು ಹರಿಯುವಷ್ಟು ದೂರವೂ ಕಬ್ಬೇ. ಮನೆ ಹಿಂದಿನ ಒಂದು ತುಂಡು ನೆಲದಲ್ಲಿ ಮಾತ್ರ ಅತ್ತೆಯ ಬದನೆ, ಹೀರೆ, ಅವರೆ, ಬೂದುಗುಂಬಳ. ಮಾವ ಅದನ್ನು ಹೆಂಗಸರ ಆಟ ಅನ್ನುತ್ತಿದ್ದರು. ಮನೆಯ ಕಾಫಿಪುಡಿ, ಸೋಪು, ಅವರ ಸ್ವಂತ ಹೊಗೆಸೊಪ್ಪು ಕೂಡ ಆ ಆಟದಿಂದಲೇ ಬರುತ್ತದೆ ಎನ್ನುವುದು ನನಗೆ ಬಂದ ತಿಂಗಳಲ್ಲೇ ತಿಳಿಯಿತು. ಮಾವನಿಗೆ ಅಷ್ಟು ವರ್ಷವಾದರೂ ತಿಳಿದಂತಿರಲಿಲ್ಲ. ಮನುಷ್ಯ ಒಳ್ಳೆಯವರೇ, ಆದರೆ ಕಬ್ಬಿನ ಗರಿಯಾಚೆಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಅತ್ತೆಗೆ ಎಲ್ಲ ಬೆಳೆಗಿಂತ ಬೂದುಗುಂಬಳದ ಮೇಲೆ ಜೀವ. ಅವರ ತವರು ಕೆ.ಆರ್. ಪೇಟೆ ಕಡೆ, ಶೀಳನೆರೆ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಹೊರಟಾಗ ಅವರಮ್ಮ ಮಗಳ ಸೆರಗಿನ ತುದಿಗೆ ಕಟ್ಟಿಕೊಟ್ಟ ಬೀಜವಂತೆ ಅದು. ದಪ್ಪ ಸಿಪ್ಪೆಯ, ಕೈಯಿಟ್ಟರೆ ಅಂಗೈ ತುಂಬ ಬೂದಿ ಹತ್ತುವ ಕಾಯಿ. ಅಟ್ಟದಲ್ಲಿ ತೂಗುಹಾಕಿದರೆ ಮುಂದಿನ ಬೇಸಿಗೆವರೆಗೂ ಕೆಡುತ್ತಿರಲಿಲ್ಲ. ಅದರ ಮಜ್ಜಿಗೆಹುಳಿ ಉಂಡ ಮೇಲೆ ನನ್ನ ತವರಿನ ಮಜ್ಜಿಗೆಹುಳಿ ನನಗೇ ಸಪ್ಪೆ ಅನ್ನಿಸಿತು. ಅತ್ತೆಯ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ತವರಿನ ಹೊಲಕ್ಕೂ ನಾಲೆ ಬಂದು ಅಲ್ಲೂ ಕಬ್ಬು ನಿಂತಿತ್ತು. ಹಾಗಾಗಿ ಆ ಬೀಜ ಉಳಿದಿದ್ದರೆ ಅತ್ತೆಯ ಹಿತ್ತಲಲ್ಲಿ ಮಾತ್ರ.

ಪ್ರತಿ ವರ್ಷ ಒಂದು ಕಾಯನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುವರು. ತೊಟ್ಟು ಒಣಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಬೂದುಗುಂಬಳವನ್ನು ಹೆಂಗಸರು ಮೊದಲು ಒಡೆಯಬಾರದು, ಗಂಡಸರೇ ಮಚ್ಚು ಹಾಕಬೇಕು ಅನ್ನುವ ಪದ್ಧತಿ ನಮ್ಮಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಅತ್ತೆ ಆ ಕಾಯನ್ನು ಜಗಲಿಗೆ ತಂದಿಡುವರು, ಮಾವ ಬೀಡಿ ಬಾಯಲ್ಲಿಟ್ಟುಕೊಂಡೇ ಒಂದು ಏಟು ಹಾಕಿ ಎದ್ದು ಹೋಗುವರು. ಕಾಯಿ ಎಲ್ಲಿಂದ ಬಂತು, ಯಾಕೆ ಇದೇ ಕಾಯಿ ಎಂದು ಅವರು ಕೇಳಿದ್ದನ್ನು ನಾನು ನೋಡಿರಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಮುಂಚೆ ಅತ್ತೆಯ ತಂಗಿಗೆ ಮೈ ಹುಷಾರಿಲ್ಲವೆಂದು ನಾವಿಬ್ಬರೂ ಮೇಲುಕೋಟೆಗೆ ಹೋದೆವು. ಹಬ್ಬದ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು ಬಂದೆವು. ಅತ್ತೆ ಕಾಲು ತೊಳೆಯುವುದಕ್ಕೂ ಮುಂಚೆ ಹಿತ್ತಲಿಗೆ ಹೋದರು. ಹೋದವರು ಬರಲಿಲ್ಲ. ನಾನು ಹೋಗಿ ನೋಡಿದರೆ ಬಳ್ಳಿಯ ಮಧ್ಯೆ ಸುಮ್ಮನೆ ನಿಂತಿದ್ದಾರೆ. ಒಂದು ಕಾಯೂ ಇರಲಿಲ್ಲ.

ಮಾವ ಮಾತ್ರ ಖುಷಿಯಲ್ಲಿದ್ದರು. ಹಬ್ಬಕ್ಕೆ ದೃಷ್ಟಿ ತೆಗೆಯಲು ಬೂದುಗುಂಬಳ ಒಳ್ಳೆಯ ವ್ಯಾಪಾರ, ಹೆಂಡತಿ ಊರಲ್ಲಿಲ್ಲ, ಸಂತೆ ತಪ್ಪಿ ಹೋದೀತು ಎಂದು ತಾವೇ ಕಿತ್ತು ಮಾರಿ ಬಂದಿದ್ದರು. "ಒಂದೂ ಬುಡ್ಲಿಲ್ಲ ಕಣಮ್ಮಿ, ಅಷ್ಟೂ ಖಾಲಿ!" ಎಂದರು. ಅವರದು ಕಬ್ಬಿನ ಬುದ್ಧಿ. ಕಬ್ಬಿಗೆ ಬೀಜವೆಂದು ಏನನ್ನೂ ಉಳಿಸಬೇಕಿಲ್ಲ, ಕಡಿದ ಜಲ್ಲೆಯ ತುಂಡೇ ಬೀಜ. ಅದೂ ಬೇಡವೆಂದರೆ ಬುಡದ ಕೂಳೆಯೇ ಮತ್ತೆ ಚಿಗುರುತ್ತದೆ. ಗದ್ದೆಯನ್ನು ಬೋಳಾಗಿಸಿ ಕಡಿದವನೇ ಒಳ್ಳೆಯ ರೈತ ಎಂದುಕೊಂಡಿದ್ದವರು, ಹಿತ್ತಲನ್ನೂ ಹಾಗೇ ಬೋಳು ಮಾಡಿದ್ದರು.

"ಬೀಜದ್ದುನ್ನೂ ಕಿತ್ಬುಟ್ರಾ?" ಎಂದರು ಅತ್ತೆ. ಅಷ್ಟೇ. ಹಿಂದಿನ ವರ್ಷ ಮಿಕ್ಕಿದ್ದ ಬೀಜವನ್ನು ಇಲಿ ತಿಂದಿತ್ತು ಎಂದು ನಾನೇ ಹೇಳಬೇಕಾಯಿತು. ಮಾರಿದ ಬೇರೆ ಕಾಯಿಗಳೆಲ್ಲ ಎಳಸು, ಅವುಗಳ ಬೀಜ ಹುಟ್ಟುವುದಿಲ್ಲ ಎನ್ನುವುದನ್ನೂ ಹೇಳಿದೆ. ಹೇಳುವಾಗ ದನಿ ಏರಿತು, ಮಾವನೆದುರು ಅಂತ ನಾನೇನೂ ತಗ್ಗಿಸಲಿಲ್ಲ. ಅವರ ಮುಖ ಸಣ್ಣದಾಯಿತು. "ದೊಡ್ಡದ್ನ ಟೆಂಪೋ ಸಾಬ್ರು ತಗಂಡ್ರು" ಎಂದರು.

ನಮ್ಮೆಲ್ಲರ ತರಕಾರಿಯನ್ನು ಮೈಸೂರಿಗೆ ಸಾಗಿಸುತ್ತಿದ್ದ ಟೆಂಪೋ ಅದು. ಮೂವರೂ ಬಸ್ಸು ಹತ್ತಿ ಪಾಂಡವಪುರಕ್ಕೆ ಓಡಿದೆವು. ಮಾವ ಹಬ್ಬದ ಬಿಳಿ ಪಂಚೆಯಲ್ಲೇ ಬಂದರು.

ಟೆಂಪೋಗೆ ಬಾಳೆಕಂದು ಕಟ್ಟಿತ್ತು, ಗಾಜಿಗೆಲ್ಲ ಚೆಂಡುಹೂವು. ಡ್ರೈವರ್ ಕೈಯಲ್ಲಿ ಅತ್ತೆಯ ಕಾಯಿ. ಮೇಲೆ ತೂತು ಕೊರೆದು ಕುಂಕುಮ ತುಂಬಿ ಕರ್ಪೂರ ಹಚ್ಚಿಯಾಗಿತ್ತು. ಓನರ್ ಸಾಬರು ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದಿದ್ದರು. ವಿಷಯ ಕೇಳಿ ಅವರಿಗೂ ಸಂಕಟವಾಯಿತು. "ಅಮ್ಮಾ, ನಿನ್ನೆ ಹೇಳಿದ್ರೆ ಮನೇಗೇ ತಂದು ಕೊಡ್ತಿದ್ದೆ. ಈಗ ದೃಷ್ಟಿ ಇಳಿ ತೆಗೆದಾಯ್ತು, ಒಡೀದೆ ಬಿಟ್ರೆ ಡ್ರೈವರ್ ಹೆದರ್ತಾನೆ" ಎಂದರು. ಅತ್ತೆಯೇ, "ಬ್ಯಾಡ, ಬ್ಯಾಡ, ಒಡೀರಿ. ಗಾಡಿಗೆ ಕೆಟ್ಟದ್ದಾಗ್ಬಾರ್ದು" ಎಂದರು.

ಕಾಯಿ ರಸ್ತೆಗೆ ಬಿದ್ದು ಸಿಡಿಯಿತು. ಕೆಂಪು ತಿರುಳು, ಅದರಲ್ಲಿ ಬೀಜ, ಟಾರಿನ ಮೇಲೆಲ್ಲ. ಎರಡು ಹೆಜ್ಜೆ ಇಟ್ಟರೆ ಎಟುಕುವಷ್ಟು ಹತ್ತಿರ. ಆದರೆ ದೃಷ್ಟಿ ತೆಗೆದು ಒಡೆದ ಕಾಯನ್ನು ನಮ್ಮ ಕಡೆ ತುಳಿಯುವುದೂ ಇಲ್ಲ, ದಾಟುವುದೂ ಇಲ್ಲ. ಮುಟ್ಟಿದವರಿಗೆ ಗಾಡಿಯ ಕೆಡುಕೆಲ್ಲ ಅಂಟುತ್ತದೆ ಅನ್ನುತ್ತಾರೆ. ಇದನ್ನೆಲ್ಲ ನಂಬುವುದರಲ್ಲಿ ನಮ್ಮ ಅತ್ತೆಯೇ ಊರಿಗೆ ಮುಂದು. ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತ ನಿಂತರು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಅದು ಬಂದರೆ ಎಲ್ಲ ಮುಗಿಯುತ್ತಿತ್ತು.

ಆಗ ಮಾವ ಹೋಗಿ ರಸ್ತೆಯ ಮಧ್ಯೆ ಕೂತರು. ಹೆಗಲ ಮೇಲಿನ ಹೊಸ ಟವೆಲ್ ಹಾಸಿ, ಎರಡೂ ಕೈಯಲ್ಲಿ ತಿರುಳು ಬಾಚತೊಡಗಿದರು. "ಲೇ, ಹುಚ್ಚೇನ್ಲಾ ನಿಂಗೆ, ಏಳ್ಲಾ ಮ್ಯಾಕೆ!" ಎಂದು ಅವರ ಕಬ್ಬಿನ ಗೆಳೆಯರೊಬ್ಬರು ಅಂಗಡಿಯಿಂದ ಕೂಗಿದರು. ಮಾವ ತಲೆ ಎತ್ತಲಿಲ್ಲ. "ಕಿತ್ತೋನು ನಾನು, ಬಂದ್ರೆ ನಂಗೇ ಬರ್ಲಿ ಬುಡು" ಎಂದರು. ಸಾಬರು ಓಡಿಹೋಗಿ ಲಾರಿಗೆ ಕೈ ಅಡ್ಡ ಹಿಡಿದು ನಿಂತರು. ಆ ದಿನ ನನಗೆ ಮಾವನ ಮೇಲೆ ಬಂದಷ್ಟು ಪ್ರೀತಿ ನನ್ನ ಗಂಡನ ಮೇಲೂ ಬಂದಿರಲಿಲ್ಲ.

ಮನೆಗೆ ಬಂದು ಅತ್ತೆ ಬೀಜವನ್ನು ಅರಿಶಿನದ ನೀರಲ್ಲಿ ತೊಳೆದು, ಬೂದಿ ಸವರಿ ಒಣಗಿಸಿದರು. ಬೀಜದ ಚಿಂತೆ ಹೋಗಿ ಈಗ ಮಾವನ ಚಿಂತೆ ಹಿಡಿಯಿತು. ಸೀನಿದರೆ ಉಪ್ಪು ಮೆಣಸಿನಕಾಯಿ ನಿವಾಳಿಸುವರು. ಗದ್ದೆಯಿಂದ ಬರುವುದು ತಡವಾದರೆ ನನ್ನನ್ನು ಅಟ್ಟುವರು. ಮೈ ಬಿಸಿಯಾಗಿದೆಯಾ ಎಂದು ದಿನಾ ಕೇಳುವರು. ಮಾವ ಗೊಣಗಿದರೂ ಎಲ್ಲಕ್ಕೂ ಸುಮ್ಮನೆ ಕೂರುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಭರಣಿ ಮಳೆ ಬಿದ್ದ ಮೇಲೆ ಅತ್ತೆ ಬೀಜ ಊರಿದರು. ಆಮೇಲೆ ಮಾವ ದಿನಾ ಬೆಳಿಗ್ಗೆ ಕಬ್ಬಿನ ಕಡೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಪಾತಿಯ ಮುಂದೆ ಕುಕ್ಕರಿಸುವರು. ಒಂದು ದಿನ ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿಬಂದರು. "ಬೀಜ ಉಟ್ಟದೆ ಕಣಮ್ಮಿ! ಉಟ್ಟದೆ, ಬಾ!" ಅತ್ತೆ ಒಲೆ ಮುಂದಿನಿಂದ ಎದ್ದು ಹೋದರು. ಮೊಳಕೆಯ ಕಡೆ ನೋಡಲೇ ಇಲ್ಲ. ನಮ್ಮೆಲ್ಲರೆದುರೇ ಮಾವನ ಹಣೆ ಮುಟ್ಟಿ, ಕತ್ತು ಮುಟ್ಟಿ ನೋಡಿದರು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಪಾತಿಯ ಪಕ್ಕ ಕೂತು, ಸೆರಗು ಮುಖಕ್ಕೆ ಹಾಕಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು.